ಸೋಮವಾರ ಅಂತ ಒತ್ತು

ನಮ್ಮೂರಿನ ಬ್ಯಾಂಕು ಇದ್ದದ್ದು ಶನಿವಾರದ ಬೀದಿಯಲ್ಲಿ. ಅದನ್ನು ತೆರೆದವರು ಹೊರಗಿನವರು, ಬಾಡಿಗೆ ಕಮ್ಮಿ ಅಂತ ಹಿಂದೆಮುಂದೆ ನೋಡದೆ ಅಲ್ಲಿಗೆ ಬಂದು ಕೂತರು. ಶನಿವಾರದ ಬೀದಿಯಲ್ಲಿ ಯಾವಾಗಲೂ ಶನಿವಾರವೇ. ಅಷ್ಟಾದರೆ ತೊಂದರೆ ಇರಲಿಲ್ಲ, ಆದರೆ ಅದು ತಿಂಗಳಿನ ಎಷ್ಟನೆಯ ಶನಿವಾರ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಎರಡನೆಯದೋ ನಾಲ್ಕನೆಯದೋ ಆದರೆ ಬ್ಯಾಂಕಿಗೆ ರಜ, ಮಿಕ್ಕದ್ದಾದರೆ ಕೆಲಸ. ಮ್ಯಾನೇಜರ್ ಪಂಚಾಕ್ಷರಿ ದಿನಾ ಬೆಳಗ್ಗೆ ಬೀಗದ ಕೈ ಹಿಡಿದು ಮೆಟ್ಟಿಲ ಮೇಲೆ ನಿಂತು ಸ್ವಲ್ಪ ಹೊತ್ತು ಯೋಚಿಸುತ್ತಿದ್ದರು. ಮನಸ್ಸು ಚೆನ್ನಾಗಿದ್ದರೆ ‘ಇವತ್ತು ಮೂರನೆಯದು’ ಎಂದು ಬಾಗಿಲು ತೆಗೆಯುತ್ತಿದ್ದರು. ಮನೆಯಲ್ಲಿ ಜಗಳವಾಗಿದ್ದರೆ ಎರಡನೆಯದು. ಹಾಗಾಗಿ ಊರಿನವರೆಲ್ಲ ಅವರ ಸಂಸಾರ ಚೆನ್ನಾಗಿರಲಿ ಎಂದು ಹಾರೈಸುತ್ತಿದ್ದೆವು, ಅವರ ಹೆಂಡತಿಗೆ ಮಲ್ಲಿಗೆ ಮೊಗ್ಗು, ಹಲಸಿನ ಹಪ್ಪಳ ಅಂತ ಏನಾದರೊಂದು ತಲುಪಿಸುತ್ತಲೇ ಇದ್ದೆವು.

ನನ್ನ ಹೆಸರು ಸೀಬಯ್ಯ. ಇರುವುದು ಮಂಗಳವಾರದ ಬೀದಿ, ಕಸುಬು ಗಡಿಯಾರ ರಿಪೇರಿ. ಮಂಗಳವಾರದಲ್ಲಿ ಹುಟ್ಟಿ ಮಂಗಳವಾರದಲ್ಲೇ ಬೆಳೆದವನ ಮನೆಗೆ ಹೆಣ್ಣಿನ ಮಾತಾಡಲು ಯಾರು ಬರುತ್ತಾರೆ? ಯಾರೂ ಬರಲಿಲ್ಲ. ಕ್ಷೌರದಂಗಡಿಯೂ ನಮ್ಮ ಬೀದಿಯಲ್ಲಿಲ್ಲ. ಕೂದಲು ಕತ್ತರಿಸಿಕೊಳ್ಳಬೇಕಾದರೆ ಬುಧವಾರಕ್ಕೆ ಹೋಗಬೇಕು, ಅಂದರೆ ಹುಣಿಸೆಮರದ ಪಕ್ಕದ ಸಂದಿ ದಾಟಿದರೆ ಆಯಿತು. ಇರುವ ಏಳು ಬೀದಿಗಳಲ್ಲಿ ಪಾಪ ಅನಿಸುವುದು ಭಾನುವಾರದ ಬೀದಿಯ ಮಕ್ಕಳನ್ನು ನೋಡಿದರೆ. ಸ್ಕೂಲು ಇರುವುದು ಸೋಮವಾರದಲ್ಲಿ. ಬೆಳಗಾದರೆ ಸಾಕು, ಬೀದಿ ದಾಟುವಾಗ ಒಂದೊಂದೂ ಕಂಬ ತಬ್ಬಿಕೊಂಡು ಅಳುತ್ತವೆ.

ಹೊರಗಿನ ಊರುಗಳಿಂದ ಬರುವ ಕೈಗಡಿಯಾರಗಳಲ್ಲಿ ವಾರ ತೋರಿಸುವ ಪುಟ್ಟ ಕಿಂಡಿ ಇರುತ್ತದೆ. ಅದರ ಹಿಂದಿನ ಚಕ್ರ ನಾವು ಮಲಗಿದ್ದಾಗ ತಿರುಗಿ ವಾರವನ್ನೇ ಬದಲಾಯಿಸಿಬಿಡುತ್ತದೆ. ಅಂಥದ್ದನ್ನು ಕಟ್ಟಿಕೊಂಡವನು ಬೆಳಗ್ಗೆ ಎದ್ದು ತನ್ನ ಮನೆಯಲ್ಲೇ ಪರದೇಶಿಯಾಗುತ್ತಾನೆ. ಆ ಚಕ್ರದ ಹಲ್ಲು ತೆಗೆದು, ಗಿರಾಕಿ ಯಾವ ಬೀದಿಯವನೋ ಆ ವಾರಕ್ಕೆ ನಿಲ್ಲಿಸಿಕೊಡುವುದು ನನ್ನ ಮುಖ್ಯ ಕೆಲಸ. ಸಾಸಿವೆಯಷ್ಟು ಹಲ್ಲು ಅದು, ನೋಡಲು ಕಣ್ಣು ಬೇಕು. ನನ್ನ ಎಡಗಣ್ಣು ಚಿಕ್ಕಂದಿನಲ್ಲೇ ಚಿನ್ನಿದಾಂಡಿನ ಏಟಿಗೆ ಹೋಗಿತ್ತು. ಉಳಿದ ಬಲಗಣ್ಣಿಗೆ ಪೊರೆ ಬಂದು, ಗಿರಾಕಿಗಳ ಮುಖವೆಲ್ಲ ಆವಿ ಹಿಡಿದ ಕನ್ನಡಿಯ ಹಾಗೆ ಕಾಣತೊಡಗಿತ್ತು. ಸೋಮವಾರದ ಬೀದಿಯ ಆಸ್ಪತ್ರೆಗೆ ವರ್ಷಕ್ಕೊಮ್ಮೆ ಬರುವ ಕಣ್ಣಿನ ಡಾಕ್ಟರು ಹೋದ ಸಲವೇ ಹೇಳಿದ್ದರು, ಮುಂದಿನ ಸಲ ತೆಗೆಸದಿದ್ದರೆ ಪೊರೆ ಕಲ್ಲಾಗುತ್ತದೆ, ಆಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ ಎಂದು. ದುಡ್ಡು ಮೊದಲು ಕಟ್ಟಿದವರನ್ನು ಮಾತ್ರ ಅವರು ಒಳಗೆ ಕರೆಯುತ್ತಾರೆ. ನನ್ನ ಹತ್ತಿರ ಅಷ್ಟಿರಲಿಲ್ಲ. ನಾನು ಕೊಡ್ತೀನಿ ಎಂದವಳು ನನ್ನಕ್ಕ ತಿರುಮಲಮ್ಮ.

ಅಕ್ಕನನ್ನು ಕೊಟ್ಟದ್ದು ಶುಕ್ರವಾರದ ಬೀದಿಗೆ. ಶುಕ್ರವಾರ ಲಕ್ಷ್ಮಿ ಇರುವ ವಾರ, ಆವತ್ತು ಮನೆಯಿಂದ ದುಡ್ಡು ಆಚೆ ಕೊಡಬಾರದು. ಇದು ಎಲ್ಲ ಕಡೆಯೂ ಇರುವ ಮಾತೇ. ಬೇರೆಯವರು ವಾರಕ್ಕೊಂದು ದಿನ ಪಾಲಿಸಿ ಸುಮ್ಮನಾಗುತ್ತಾರೆ. ಯಾವಾಗಲೂ ಶುಕ್ರವಾರವೇ ಇರುವ ಮನೆಯವರು ಏನು ಮಾಡಬೇಕು? ಅವರು ಮನೆಗೆ ದುಡ್ಡು ತರುವುದನ್ನೇ ಬಿಟ್ಟಿದ್ದರು. ಬಂದ ಪೆನ್ಷನ್ನು, ಸಂಬಳ ಎಲ್ಲ ಬ್ಯಾಂಕಿನಲ್ಲೇ ಇರುತ್ತಿತ್ತು. ಬೇಕಾದಾಗ ಅಲ್ಲಿಂದ ತೆಗೆದು, ಅಲ್ಲಿಂದಲೇ ಸಂತೆಗೆ ಹೋಗಿ, ಚಿಲ್ಲರೆ ಉಳಿದರೆ ಬಾಳೆಹಣ್ಣು ತಿಂದು ಖಾಲಿ ಕೈಯಲ್ಲಿ ಮನೆಗೆ ಬರುತ್ತಿದ್ದರು. ತಪ್ಪಿ ಮನೆಯೊಳಗೆ ಬಂದ ದುಡ್ಡು ಮತ್ತೆ ಆಚೆ ಹೋಗುವ ಹಾಗಿಲ್ಲ. ಅಕ್ಕನ ಹಿತ್ತಿಲ ಕೋಣೆಯ ಬಾಡಿಗೆದಾರ ಹಟ ಹಿಡಿದು ನಗದನ್ನೇ ತಂದು ಹೊಸಿಲ ಮೇಲಿಡುತ್ತಿದ್ದ. ಅದು ಅಕ್ಕಿ ಡಬ್ಬಕ್ಕೆ ಹೋಗುತ್ತಿತ್ತು, ಮತ್ತೆ ಬೆಳಕು ಕಾಣುತ್ತಿರಲಿಲ್ಲ.

ಬೀದಿಯ ಮಿಕ್ಕವರು ಅಷ್ಟಿಷ್ಟು ಸಡಿಲ ಬಿಟ್ಟಿದ್ದರು. ಅಕ್ಕ ಬಿಟ್ಟಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಬೆಳಗ್ಗೆ ಹಾಲಿನವನು ಬಾಕಿ ಕೇಳಿದಾಗ ಅವಳು ಬಾಗಿಲಲ್ಲಿ ನಿಂತು ಕೊಟ್ಟುಬಿಟ್ಟಳು. ಆ ಹಾಲು ಒಲೆಯ ಮೇಲೆ ಉಕ್ಕುವುದರೊಳಗೆ ಭಾವ ಬಚ್ಚಲಲ್ಲಿ ಬಿದ್ದರು, ಮತ್ತೆ ಏಳಲಿಲ್ಲ. ಅದಾದ ಮೇಲೆ ಅವಳ ಕೈಯಿಂದ ಆ ಮನೆಯ ಒಂದು ಪೈಸೆ ಆಚೆ ಹೋದದ್ದಿಲ್ಲ. ಲಕ್ಷ್ಮಿ ಹಿಂದಿನಿಂದ ಹೊರಟುಬಿಡುತ್ತಾಳೆ ಎಂದು ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದವಳು ತೆಗೆಯಲೇ ಇಲ್ಲ, ಬಾಡಿಗೆದಾರ ಓಣಿ ಸುತ್ತಿ ಬರುತ್ತಿದ್ದ. ಈ ವಿಷಯದಲ್ಲಿ ಅವಳನ್ನು ತಮಾಷೆ ಮಾಡುವ ಧೈರ್ಯ ನನಗೂ ಇರಲಿಲ್ಲ.

ಹೀಗಿರುವಾಗ ಪಂಚಾಕ್ಷರಿಯವರಿಗೆ ವರ್ಗವಾಯಿತು. ಹೊಸದಾಗಿ ಬಂದ ಮ್ಯಾನೇಜರು ಮೆಟ್ಟಿಲ ಮೇಲೆ ನಿಂತು ಜನರ ವಾದವನ್ನೆಲ್ಲ ಕೇಳಿ, ತಲೆ ಕೆಟ್ಟು, ಶಾಖೆಯನ್ನೇ ಮುಚ್ಚುತ್ತೇವೆ ಎಂದರು. ಎಲ್ಲರೂ ಫೋನಿನಲ್ಲೇ ನಡೆಯುವ ಯಾವುದಾದರೂ ಇಂಟರ್ನೆಟ್ ಬ್ಯಾಂಕಿನಲ್ಲಿ ಖಾತೆ ತೆರೆದರೆ ದುಡ್ಡನ್ನು ಅಲ್ಲಿಗೆ ಕಳಿಸುತ್ತಾರಂತೆ, ಬೇಡ ಎನ್ನುವವರಿಗೆ ನಗದು ಕೊಟ್ಟುಬಿಡುತ್ತಾರಂತೆ. ಶುಕ್ರವಾರದ ಬೀದಿಗೆ ಸಿಡಿಲು ಹೊಡೆದ ಹಾಗಾಯಿತು. ನಗದು ಮನೆಗೆ ಬಂದರೆ ಮುಗಿಯಿತಲ್ಲ. ನನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ನಾನು ಅಕ್ಕನಿಗೆ ಹೇಳಿದೆ. ಮಂಗಳವಾರವೂ ದುಡ್ಡು ಆಚೆ ಹೋಗಬಾರದು ಎಂದಳು. ನಾನು ದಿನಾ ಸೊಪ್ಪಿನವಳಿಗೆ ಕೊಡುತ್ತೇನಲ್ಲ ಎಂದೆ. ಅದಕ್ಕೇ ನಿನ್ನ ಬಾಳು ಹೀಗಿರುವುದು ಎಂದಳು.

ಇಂಟರ್ನೆಟ್ ಬ್ಯಾಂಕು ಆರಿಸುವ ಕೆಲಸ ನನಗೇ ಬಂತು, ಗಡಿಯಾರ ಬಿಚ್ಚುವವನಿಗೆ ಎಲ್ಲ ಯಂತ್ರವೂ ಗೊತ್ತಿರುತ್ತದೆ ಎಂದು ಜನ ನಂಬಿರುತ್ತಾರೆ. ಬಡ್ಡಿ ಎಷ್ಟು, ಶುಲ್ಕ ಎಷ್ಟು, ಮುಳುಗಿದರೆ ಯಾರು ಹೊಣೆ, ಇದನ್ನೆಲ್ಲ ಹೊರಗಿನವರು ಕೇಳುತ್ತಾರಂತೆ. ನಾವೂ ಕೇಳಿದೆವು, ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ ಉತ್ತರ. ಅಕ್ಕನಿಗೆ ಗೊತ್ತಾಗಬೇಕಾಗಿದ್ದದ್ದು ಒಂದೇ. ಆ ಬ್ಯಾಂಕಿನೊಳಗೆ ಯಾವ ವಾರ? ಮೊದಲನೆಯ ಬ್ಯಾಂಕಿನವನು ಫೋನಿನಲ್ಲಿ ಭಾರಿ ಉತ್ಸಾಹದಿಂದ, ನಮ್ಮದು ವಾರದ ಏಳೂ ದಿನ, ಇಪ್ಪತ್ನಾಲ್ಕು ಗಂಟೆ ಎಂದ. ಏಳೂ ದಿನ ಅಂದರೆ ಅದರಲ್ಲಿ ಶುಕ್ರವಾರವೂ ಬಂತಲ್ಲ ಎಂದು ಅಕ್ಕ ಮೂಗು ಮುರಿದಳು. ಎರಡನೆಯದರಲ್ಲಿ ಮಾತಾಡಿದ್ದು ಮನುಷ್ಯರಲ್ಲ, ಯಂತ್ರ. ನಾನು ಎಷ್ಟು ಸಲ ವಾರ ಕೇಳಿದರೂ ನಿಮ್ಮ ಆಯ್ಕೆ ಸರಿಯಾಗಿಲ್ಲ ಎನ್ನುತ್ತಿತ್ತು. ಮೂರನೆಯದರಲ್ಲಿ ನಸೀಮಾ ಎಂಬ ಹುಡುಗಿ ಸಿಕ್ಕಳು. ಅವಳನ್ನೂ ಅದೇ ಪ್ರಶ್ನೆ ಕೇಳಿದೆ.

“ಇಲ್ಲಿ ಗುರುವಾರ ಸರ್” ಎಂದಳು. “ನಿಮ್ಮಲ್ಲಿ?”

ನಾನು ಮಂಗಳವಾರದಲ್ಲಿ ನಿಂತಿದ್ದೇನೆ ಎಂದೆ. ಹೌದಾ ಸರ್ ಎಂದಳೇ ಹೊರತು ನಗಲಿಲ್ಲ. ಇದನ್ನು ಹೇಳಿದ ಕೂಡಲೇ ಅಕ್ಕ ಆ ಬ್ಯಾಂಕೇ ಇರಲಿ ಎಂದಳು. ನಮ್ಮನ್ನೂ ಕೇಳಿದವಳು ಅವಳೊಬ್ಬಳೇ ಎನ್ನುವುದು ಅಕ್ಕನ ಲೆಕ್ಕ. ಇಷ್ಟಕ್ಕೇ ಬ್ಯಾಂಕು ಆರಿಸಬಹುದೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಹೊಸ ಫೋನು ಬಂತು, ಖಾತೆ ಆಯಿತು, ಹಳೆಯ ಬ್ಯಾಂಕಿನಲ್ಲಿದ್ದದ್ದೆಲ್ಲ ಅದರೊಳಗೆ ಬಂತು. ಅಕ್ಕ ಇಷ್ಟೊಂದು ಖುಷಿಯಾದದ್ದನ್ನು ನಾನು ನೋಡಿರಲಿಲ್ಲ. ಸಾಲಲ್ಲಿ ನಿಲ್ಲುವ ಹಾಗಿಲ್ಲ, ಟೋಕನ್ ಇಲ್ಲ, ಎರಡನೆಯ ಶನಿವಾರ ಇಲ್ಲ, ಕರೆಂಟ್ ಬಿಲ್ಲೂ ಬ್ಯಾಂಕೇ ತಾನಾಗಿ ಕಟ್ಟುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ದುಡ್ಡು ಮನೆಯೊಳಗೆ ಬರದೆಯೇ ಮನೆಯೊಳಗೆ ಕಾಣುತ್ತದೆ! ದೇವರ ಮುಂದೆ ದೀಪ ಹಚ್ಚಿ, ಪಕ್ಕದಲ್ಲಿ ಫೋನಿಟ್ಟು, ಸಂಜೆಗೊಮ್ಮೆ ಬ್ಯಾಲೆನ್ಸ್ ನೋಡಿ ಕೈಮುಗಿಯುತ್ತಿದ್ದಳು. ಗಾಜಿನ ಮೂಲೆಗೆ ಅರಿಶಿನ ಹಚ್ಚಿ, ಆ ಮೂಲೆ ಒತ್ತಿದರೆ ಏನೂ ಆಗದ ಹಾಗೆ ಮಾಡಿಟ್ಟಿದ್ದಳು. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ನಸೀಮಾ ಹೇಳಿದ್ದೇ ತಡ, ನನಗೂ ಹೇಳದೆ ಗೋಡೆಯ ಕಡೆ ತಿರುಗಿ ತಾನೇ ಒಂದೊಂದಾಗಿ ಒತ್ತುತ್ತಿದ್ದಳು. ಒಂದೇ ಒಂದು ಕಟ್ಟುನಿಟ್ಟು, ಫೋನು ಹೊಸಿಲು ದಾಟಬಾರದು. ಅದರೊಳಗೆ ದುಡ್ಡಿದೆಯಲ್ಲ. ನೀನೇ ಇಲ್ಲ ಅಂದೆಯಲ್ಲ ಅಕ್ಕ, ಬರೀ ಕಾಣುವುದು ಅಂತ, ಎಂದು ಕೇಳಿದೆ. ಅವಳೂ ಗಲಿಬಿಲಿಗೊಂಡಳು, ಆದರೂ ದಾಟಿಸುವುದು ಬೇಡ ಎಂದಳು.

ಡಾಕ್ಟರು ಬಂದಿದ್ದಾರೆ, ಸಂಜೆಯ ಬಸ್ಸಿಗೆ ಹೊರಡುತ್ತಾರೆ ಎಂದು ಆಸ್ಪತ್ರೆಯಿಂದ ಹೇಳಿಕಳಿಸಿದರು. ನಾನು ಗೋಡೆ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಅಕ್ಕ ಫೋನು ತೆಗೆದು, ಆಸ್ಪತ್ರೆಯ ಹೆಸರು ಒತ್ತಿ, ಎಷ್ಟು ಎಂದು ಒತ್ತಿ, ಕೊನೆಗೆ ನಿಂತಳು. ಈಗಲೇ ಕಳಿಸಬೇಕೇ, ಬೇರೆ ದಿನ ಕಳಿಸಬೇಕೇ ಎಂದು ಕೇಳುತ್ತಿದೆ ಎಂದಳು. ಈಗಲೇ ಎಂದೆ.

“ಈಗಲೇ ಅಂದ್ರೆ ಶುಕ್ರವಾರ ಆಗತ್ತೆ ಕಣೋ.”

ಬೇರೆ ದಿನ ಎನ್ನುವುದನ್ನು ಅವಳು ಒತ್ತಿದಾಗ ಏಳೂ ವಾರಗಳ ಹೆಸರು ಬಂತಂತೆ. ಆಸ್ಪತ್ರೆ ಇರುವುದು ಎಲ್ಲಿ? ಸೋಮವಾರದಲ್ಲಿ. ದುಡ್ಡು ಹೋಗಿ ಸೇರಬೇಕಾದದ್ದು ಎಲ್ಲಿಗೆ? ಸೋಮವಾರಕ್ಕೆ. ಇಷ್ಟು ಸುಲಭವಾದ ದಾರಿಯನ್ನು ಬ್ಯಾಂಕಿನವರು ಇಟ್ಟಿದ್ದಾರಲ್ಲ ಎಂದು ನನಗೆ ನಸೀಮಾಳ ಮೇಲೆ ಗೌರವವೇ ಬಂತು.

“ಸೋಮವಾರ ಅಂತ ಒತ್ತು” ಎಂದೆ.

ಅಕ್ಕ ಒತ್ತಿದಳು. ಫೋನು ಟಿಣ್ ಎಂದಿತು. ದೀಪದ ಪಕ್ಕ ಅದನ್ನು ಇಟ್ಟು, ಬಾಗಿಲು ಎಳೆದುಕೊಂಡು, ನನ್ನ ಕೈ ಹಿಡಿದು ಅಕ್ಕ ಸೋಮವಾರದ ಬೀದಿಗೆ ಕರೆದುಕೊಂಡು ಹೋದಳು. ದಾರಿಯಲ್ಲಿ ಇಬ್ಬರೂ ಖುಷಿಯಾಗಿದ್ದೆವು. ಕಣ್ಣು ಬಂದ ಮೇಲೆ ಮೊದಲು ಏನು ನೋಡ್ತೀಯ ಎಂದು ಅವಳು ಕೇಳಿದಳು. ನಿನ್ನ ಅಡುಗೆಯಲ್ಲಿ ಎಷ್ಟು ಕೂದಲು ಇದೆ ಅಂತ ನೋಡ್ತೀನಿ ಎಂದೆ.

ಆಸ್ಪತ್ರೆಯ ಕೌಂಟರಿನಲ್ಲಿದ್ದ ಫಿಲೋಮಿನಾ ದುಡ್ಡು ಬಂದಿಲ್ಲ ಎಂದಳು. ಕಾಯಿರಿ ಎಂದಳು. ಕಾದೆವು. ಡಾಕ್ಟರು ಒಬ್ಬೊಬ್ಬರನ್ನೇ ಒಳಗೆ ಕರೆಸಿಕೊಂಡು ಹೊರಗೆ ಕಳಿಸುತ್ತಿದ್ದರು, ಬೆಂಚು ಖಾಲಿಯಾಗುತ್ತಾ ಬಂತು. ಇನ್ನೂ ಬಂದಿಲ್ಲ ಎಂದಳು ಫಿಲೋಮಿನಾ. ಅಕ್ಕನ ಮನೆಯಿಂದ ಇಲ್ಲಿಗೆ ನಾವೇ ಇಷ್ಟು ಬೇಗ ಬಂದಿದ್ದೇವೆ, ದುಡ್ಡಿಗೇನು ರೋಗ? ಆಸ್ಪತ್ರೆಯ ಫೋನಿನಿಂದ ಅಕ್ಕ ನಸೀಮಾಳಿಗೆ ಫೋನು ಮಾಡಿದಳು. ಅವಳು ಹೇಳಿದ್ದು ಅಕ್ಕನಿಗೆ ಅರ್ಥವಾಗದೆ ಫೋನನ್ನು ನನಗೆ ಕೊಟ್ಟಳು.

“ಸೋಮವಾರ ಇನ್ನೂ ಬರಬೇಕಲ್ಲ ಸರ್” ಎಂದಳು ನಸೀಮಾ.

“ಬರೋದೇನಮ್ಮ, ನಾನು ಸೋಮವಾರದಲ್ಲೇ ಕೂತಿದ್ದೀನಿ.”

ಅವಳು ನಿಧಾನವಾಗಿ, ಸಣ್ಣವರಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಅವರ ಕಡೆ ಒಂದು ವಾರ ಆದ ಮೇಲೆ ಇನ್ನೊಂದು ಬರುತ್ತದಂತೆ. ನಾವು ಒತ್ತಿದ ದುಡ್ಡನ್ನು ಖಾತೆಯಲ್ಲಿ ಬೇರೆ ಎತ್ತಿಟ್ಟಿದ್ದಾರಂತೆ, ಸೋಮವಾರ ಬಂದಾಗ ಕಳಿಸುತ್ತಾರಂತೆ. ಖಾತೆಯಲ್ಲಿ ಮಿಕ್ಕಿರುವುದು ಸಾಲದು. ರದ್ದು ಮಾಡಬಹುದು, ಆದರೆ ವಾಪಸ್ ಸಿಗುವುದು ನಾಳೆ. ನಾಳೆ ಡಾಕ್ಟರು ಇರುವುದಿಲ್ಲ ಎಂದೆ. ಸಾರಿ ಸರ್ ಎಂದಳು, ಅವಳಿಗೆ ನಿಜಕ್ಕೂ ಬೇಜಾರಾಗಿತ್ತು. ಹಾಗಾದರೆ ಈಗ ಆ ದುಡ್ಡು ಯಾವ ಬೀದಿಯಲ್ಲಿದೆ ಎಂದು ಅಕ್ಕ ಕೇಳಿದಳು. ರದ್ದು ಮಾಡಿ ಎಂದು ಅಕ್ಕನಿಂದ ಹೇಳಿಸಿ ಫೋನು ಇಟ್ಟೆ. ನನಗೆ ಅಳು ಬಂತು. ಐವತ್ತು ದಾಟಿದವನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತೆ. ಕುರುಡನಾಗಿ ಎಷ್ಟು ವರ್ಷ ಬದುಕಬೇಕೋ ಎಂದು ಹೆದರಿಕೆಯಾಗಿತ್ತು.

ಕಣ್ಣೊರೆಸಿಕೊಂಡು ಕೈ ಚಾಚಿದರೆ ಪಕ್ಕದಲ್ಲಿ ಅಕ್ಕ ಇರಲಿಲ್ಲ. ಎಲ್ಲಿ ಹೋದಳು ಎಂದು ಫಿಲೋಮಿನಾಳನ್ನು ಕೇಳಿದರೆ, ಓಡಿಹೋದರು ಎಂದಳು. ಅಕ್ಕ ಓಡುವ ವಯಸ್ಸಿನವಳಲ್ಲ. ಡಾಕ್ಟರು ಕೈ ತೊಳೆಯುವ ಸದ್ದು ಕೇಳುತ್ತಿದ್ದಾಗ ಅವಳು ಬಂದಳು, ಏದುಸಿರು ಬಿಡುತ್ತಾ. ಕೌಂಟರಿನ ಮೇಲೆ ಏನೋ ಭಾರವಾದ ಗಂಟು ಇಟ್ಟ ಸದ್ದಾಯಿತು. ಹಳೆಯ ಅಕ್ಕಿಯ ವಾಸನೆ ಬಂತು.

“ಎಲ್ಲಿಂದ ತಂದೆ?” ಎಂದೆ. ಗೊತ್ತಿತ್ತು, ಆದರೂ ಕೇಳಿದೆ.

“ಮನೆಯಿಂದ.”

“ಮನೇಲಿ ಶುಕ್ರವಾರ ಅಲ್ವೇನೇ.”

“ಗೊತ್ತು” ಎಂದಳು. “ನೀನು ಒಳಗೆ ಹೋಗು.”

ನೋಟುಗಳ ಸಂದಿಯಲ್ಲಿದ್ದ ಅಕ್ಕಿಕಾಳುಗಳನ್ನು ಫಿಲೋಮಿನಾ ಊದಿ ಊದಿ ತೆಗೆಯುತ್ತಿದ್ದಳು. ಅಕ್ಕ ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟು, ಕಾಯದೆ ಹೊರಟುಹೋದಳು. ಡಾಕ್ಟರು ಗೊಣಗಿಕೊಂಡೇ ಮತ್ತೆ ಕೈಗವಸು ಹಾಕಿಕೊಂಡರು. ಮಲಗಿಸಿ ಕಣ್ಣಿಗೆ ಮದ್ದು ಬಿಡುವಾಗ ನಾನು ಯೋಚಿಸುತ್ತಿದ್ದದ್ದು ಒಂದೇ. ಆ ಮನೆಯಲ್ಲಿ ಈಗ ಇರುವುದು ಅವಳೊಬ್ಬಳೇ. ಈ ಸಲ ಏನಾದರೂ ಆಗುವುದಾದರೆ ಅವಳಿಗೇ ಆಗಬೇಕು. ಅದನ್ನು ತಿಳಿದೇ ಅವಳು ಡಬ್ಬಕ್ಕೆ ಕೈ ಹಾಕಿದ್ದಳು. ಇದನ್ನೆಲ್ಲ ನಂಬದ ನಾನು, ಆ ಮೇಜಿನ ಮೇಲೆ ಮಲಗಿಕೊಂಡು ನಂಬಿ ನಡುಗಿದೆ.

ಬೆಳಗ್ಗೆ ಪಟ್ಟಿ ಬಿಚ್ಚಿದರು. ಫಿಲೋಮಿನಾಳ ಮುಖ ಕಂಡಿತು, ಅವಳಿಗೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ವಯಸ್ಸಾಗಿತ್ತು. ಅಕ್ಕ ಬಂದಿರಲಿಲ್ಲ. ಕಾರ್ಗನ್ನಡಕ ಹಾಕಿಕೊಂಡು, ಬೇಡ ಎಂದರೂ ಕೇಳದೆ ಹೊರಟೆ. ಬೀದಿಗಳೆಲ್ಲ ತೊಳೆದಿಟ್ಟ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು, ಕಂಬ ತಬ್ಬಿಕೊಂಡು ಅಳುವ ಒಂದು ಮಗುವಿನ ಅಂಗಿಯ ಗುಂಡಿ ಕೂಡ ಕಂಡಿತು. ಯಾವುದನ್ನೂ ನಿಂತು ನೋಡಲಾಗಲಿಲ್ಲ.

ಅಕ್ಕನ ಮನೆಯ ಮುಂದೆ ನಿಂತಾಗ ಒಂದು ಕ್ಷಣ ಬೇರೆ ಯಾರದೋ ಮನೆಗೆ ಬಂದೆ ಎನಿಸಿತು. ಮುಂಬಾಗಿಲಲ್ಲಿ ನಿಂತರೆ ಮನೆಯನ್ನು ದಾಟಿ ಹಿತ್ತಿಲ ಬಟ್ಟೆ ಒಗೆಯುವ ಕಲ್ಲು ಕಾಣುತ್ತಿತ್ತು. ಹಿತ್ತಿಲ ಬಾಗಿಲು ಹಾರು ಹೊಡೆದಿತ್ತು. ನಡುಮನೆಯ ಚಾಪೆಯ ಮೇಲೆ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ತಲೆಗೆ ಸ್ನಾನ ಮಾಡಿ, ಟ್ರಂಕಿನ ತಳದಲ್ಲಿಟ್ಟಿದ್ದ ಧಾರೆ ಸೀರೆ ಉಟ್ಟಿದ್ದಳು. ಭಾವನ ಫೋಟೋ ಗೋಡೆಯಿಂದ ಇಳಿದು ಅವಳ ಪಕ್ಕದಲ್ಲಿತ್ತು. ಅಕ್ಕ ಎಂದೆ. ಅವಳು ತಲೆಯೆತ್ತಿ ನೋಡಿದಳು.

ಓಡಿಹೋಗಿ ಪಕ್ಕದಲ್ಲಿ ಕೂತೆ. ಕಣ್ಣು ಕಾಣತ್ತಾ ಎಂದಳು. ಕಾಣತ್ತೆ ಎಂದೆ. ಅವಳ ಹುಬ್ಬು ಪೂರ್ತಿ ಬೆಳ್ಳಗಾಗಿತ್ತು, ಅದು ಯಾವಾಗ ಆಯಿತೋ ನನಗೆ ತಿಳಿದೇ ಇರಲಿಲ್ಲ. ಅಡುಗೆಮನೆಯಿಂದ ಸೀದ ಹಾಲಿನ ವಾಸನೆ ಬರುತ್ತಿತ್ತು.

“ಹಾಲು ಕಾಯಕ್ಕೆ ಇಟ್ಟು ಕೂತಿದ್ದೆ” ಎಂದಳು ಅಕ್ಕ. “ಉಕ್ತು. ಮತ್ತೆ ಇಟ್ಟೆ. ಮತ್ತೂ ಉಕ್ತು. ನಂಗೇನೂ ಆಗ್ಲಿಲ್ಲ ಕಣೋ.”

ಒಳ್ಳೇದಾಯ್ತಲ್ಲ ಎಂದು ನಾನು ನಗಲು ಹೋದೆ. ಅವಳು ನಗಲಿಲ್ಲ. ದೀಪದ ಪಕ್ಕದಲ್ಲಿ ಫೋನು ಟಿಣ್ ಎಂದಿತು, ಆ ದುಡ್ಡು ಖಾತೆಗೆ ವಾಪಸ್ ಬಂದಿರಬೇಕು. ಇಬ್ಬರೂ ಅದರ ಕಡೆ ನೋಡಲಿಲ್ಲ. ಅಕ್ಕ ಭಾವನ ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದಳು. ಗಾಜು ಆಗಲೇ ಸ್ವಚ್ಛವಾಗಿತ್ತು.

“ಹಂಗಾದ್ರೆ ಅವರು ಯಾಕೆ ಬಿದ್ರೋ, ಸೀಬ?”

ನಾನು ಅವಳ ಹತ್ತಿರಕ್ಕೆ ಸರಿದು ಕೂತೆ.

“ಇಷ್ಟು ವರ್ಷ ನನ್ನಿಂದ್ಲೇ ಅಂದ್ಕೊಂಡಿದ್ದೆ” ಎಂದಳು. ಆಮೇಲೆ ಫೋಟೋವನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಳು. ಭಾವ ಹೋದಾಗ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಅಳುವಷ್ಟು ಹೊತ್ತೂ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದೆ. ನೀರು ಬಿಟ್ಟುಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದ ನನ್ನ ಕಣ್ಣಿನಲ್ಲೂ ನೀರು ಬಂತು.

ಕೊನೆಗೆ ಅಡುಗೆಮನೆಗೆ ಹೋದೆ. ಪಾತ್ರೆಯ ತಳದಲ್ಲಿ ಇಬ್ಬರಿಗೆ ಆಗುವಷ್ಟು ಹಾಲು ಉಳಿದಿತ್ತು. ಎರಡು ಲೋಟಕ್ಕೆ ಬಗ್ಗಿಸಿ, ಸಕ್ಕರೆ ಹಾಕಿ ತಂದು ಕೊಟ್ಟೆ. ಗಾಳಿಗೆ ದೀಪ ಆರಿಹೋಗಿತ್ತು. ಹಿತ್ತಿಲ ಬಾಗಿಲು ಹಾಕಲೇನೇ ಎಂದು ಕೇಳಿದೆ.

ಅಕ್ಕ ಮೂಗು ಒರೆಸಿಕೊಂಡು ಲೋಟ ಕೈಗೆತ್ತಿಕೊಂಡಳು.

“ಇರ್ಲಿ ಬಿಡು” ಎಂದಳು. “ಗಾಳಿ ಬರ್ತಿದೆ.”